ಪದ ಪರಿಚಯ: ಹೆಲ್ತ್‌ಕೇರ್ ಡೊಮೈನ್ ನಾಲೆಡ್ಜ್

ಹೆಲ್ತ್‌ಕೇರ್ ಐಟಿ ಕೆಲಸದ ಜಾಹೀರಾತುಗಳನ್ನು ಓದುತ್ತಾ ಹೋದರೆ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ: ‘ಹೆಲ್ತ್‌ಕೇರ್ ಡೊಮೈನ್ ನಾಲೆಡ್ಜ್ ಇರಬೇಕು’. ಜಾವಾ ಬೇಕು, ಎಸ್‌ಕ್ಯೂಎಲ್ ಬೇಕು ಅಂದರೆ ಏನು ಕಲಿಯಬೇಕು ಅಂತ ಗೊತ್ತಾಗುತ್ತದೆ. ಡೊಮೈನ್ ಬೇಕು ಅಂದರೆ? ಕಾಯಿಲೆಗಳ ಬಗ್ಗೆ ಓದಬೇಕಾ? ಔಷಧಿಗಳ ಹೆಸರು ಬಾಯಿಪಾಠ ಮಾಡಬೇಕಾ? ಅದೇನೂ ಬೇಡ. ಆದರೆ ಈ ಒಂದು ಸಾಲಿಗೆ ಹೆದರಿ ಅರ್ಜಿ ಹಾಕದೇ ಬಿಡುವವರಿದ್ದಾರೆ. ಅದು ನಿಜಕ್ಕೂ ಬೇಜಾರಿನ ವಿಷಯ. ಯಾಕೆಂದರೆ ಇದು ಹೊರಗಿನಿಂದಲೂ ಕಲಿಯಬಹುದಾದ ವಿದ್ಯೆ.

ರೋಗಿಯ ಮಾಹಿತಿ ಎಲ್ಲಿ ಹುಟ್ಟುತ್ತದೆ, ಯಾರ್ಯಾರ ಕೈ ದಾಟುತ್ತದೆ, ದಾರಿಯಲ್ಲಿ ತಪ್ಪಿದರೆ ಯಾರಿಗೆ ಏನಾಗುತ್ತದೆ ಎಂಬ ತಿಳಿವಳಿಕೆಯೇ ಹೆಲ್ತ್‌ಕೇರ್ ಡೊಮೈನ್ ನಾಲೆಡ್ಜ್.

ಒಂದು ರಕ್ತ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಡಾಕ್ಟರು ಕಂಪ್ಯೂಟರಿನಲ್ಲಿ ಪೊಟ್ಯಾಸಿಯಂ ಟೆಸ್ಟ್ ಬರೆಯುತ್ತಾರೆ. ಆ ಆರ್ಡರ್ ಲ್ಯಾಬ್‌ನ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಯಂತ್ರ ರಕ್ತವನ್ನು ನೋಡಿ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ರೋಗಿಯ ಇಎಂಆರ್‌ಗೆ, ಅಂದರೆ ಕಂಪ್ಯೂಟರಿನಲ್ಲಿರುವ ಕೇಸ್ ಶೀಟಿಗೆ, ವಾಪಸ್ ಬರುತ್ತದೆ. ಈ ಎರಡು ಸಾಫ್ಟ್‌ವೇರ್‌ಗಳ ಮಾತುಕತೆ ಬಹಳ ಕಡೆ ಇಂದಿಗೂ ಎಚ್‌ಎಲ್7 ವರ್ಶನ್ 2 ಎಂಬ ಹಳೆಯ ಮಾದರಿಯಲ್ಲೇ ನಡೆಯುತ್ತದೆ. ಎಚ್‌ಎಲ್7 ಸಂಸ್ಥೆ ಶುರುವಾದದ್ದು 1987ರಲ್ಲಿ. ಲ್ಯಾಬ್ ರಿಸಲ್ಟ್ ಹೊತ್ತು ಬರುವ ಮೆಸೇಜಿಗೆ ಒಆರ್‌ಯು ಅಂತ ಹೆಸರು. ಅದರೊಳಗೆ ಒಬಿಎಕ್ಸ್ ಅಂತ ಶುರುವಾಗುವ ಸಾಲುಗಳಿರುತ್ತವೆ. ಒಂದೊಂದು ರಿಸಲ್ಟಿಗೆ ಒಂದೊಂದು ಸಾಲು. ಸಾಲಿನುದ್ದಕ್ಕೂ ನಿಂತ ಗೆರೆ (|) ಎಳೆದು ಮನೆ ಮಾಡಿದ ಹಾಗಿರುತ್ತದೆ. 5ನೇ ಮನೆಯಲ್ಲಿ ಸಂಖ್ಯೆ, 6ರಲ್ಲಿ ಯೂನಿಟ್, 7ರಲ್ಲಿ ಸಾಮಾನ್ಯವಾಗಿ ಎಷ್ಟಿರಬೇಕು ಎಂಬ ಮಿತಿ, 8ರಲ್ಲಿ ಜಾಸ್ತಿ ಇದೆಯೋ ಕಮ್ಮಿ ಇದೆಯೋ ಎಂಬ ಗುರುತು. 11ನೇ ಮನೆಯಲ್ಲಿ ಒಂದೇ ಒಂದು ಅಕ್ಷರ. ‘ಪಿ’ ಅಂದರೆ ಇನ್ನೂ ಪಕ್ಕಾ ಆಗಿಲ್ಲ. ‘ಎಫ್’ ಅಂದರೆ ಅಂತಿಮ. ‘ಸಿ’ ಅಂದರೆ ಮೊದಲು ಕಳಿಸಿದ್ದು ತಪ್ಪು, ಇದು ತಿದ್ದಿದ್ದು.

ಈಗ ಹೀಗಾಯಿತು ಅಂತಿಟ್ಟುಕೊಳ್ಳಿ. ಬೆಳಿಗ್ಗೆ 6.8 ಎಂಬ ರಿಸಲ್ಟ್ ‘ಎಫ್’ ಗುರುತಿನ ಜೊತೆ ಬಂತು. ಪೊಟ್ಯಾಸಿಯಂ ಅಷ್ಟು ಜಾಸ್ತಿಯಾದರೆ ಹೃದಯದ ಬಡಿತವೇ ಏರುಪೇರಾಗಬಹುದು. ಡಾಕ್ಟರು ಕೂಡಲೇ ಚಿಕಿತ್ಸೆ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಯಂತ್ರದ ಕ್ಯಾಲಿಬ್ರೇಶನ್, ಅಂದರೆ ಅಳತೆಯ ಹೊಂದಾಣಿಕೆ, ತಪ್ಪಿತ್ತು ಅಂತ ಲ್ಯಾಬ್‌ನವರಿಗೆ ಗೊತ್ತಾಯಿತು. ಅದೇ ಸ್ಯಾಂಪಲ್ ಮತ್ತೆ ನೋಡಿದರು. ಈ ಸಲ 4.2, ಅಂದರೆ ಪೂರ್ತಿ ಸಹಜ. ಅದನ್ನು ‘ಸಿ’ ಗುರುತು ಹಾಕಿ ಕಳಿಸಿದರು.

ಬರೀ ಕೋಡಿಂಗ್ ಗೊತ್ತಿದ್ದವರು 6.8 ಅಳಿಸಿ 4.2 ಬರೆಯುತ್ತಾರೆ. ಸಾಫ್ಟ್‌ವೇರ್ ಟೆಸ್ಟ್ ಪಾಸಾಗುತ್ತದೆ, ಕೆಲಸ ಮುಗಿಯಿತು. ಡೊಮೈನ್ ಗೊತ್ತಿದ್ದವರು ಇಲ್ಲಿ ನಿಲ್ಲುತ್ತಾರೆ. 6.8 ನೋಡಿ ಔಷಧಿ ಕೊಟ್ಟ ಡಾಕ್ಟರಿಗೆ ಇದು ಬದಲಾಯಿತು ಅಂತ ಹೇಳುವವರು ಯಾರು? ಸುಮ್ನೆ ಸಂಖ್ಯೆ ಬದಲಾದರೆ ಅವರ ಕಣ್ಣಿಗೆ ಬೀಳುತ್ತದಾ? ಹಳೆಯ ಸಂಖ್ಯೆ ದಾಖಲೆಯಲ್ಲಿ ಉಳಿಯಬೇಕಲ್ವಾ? ಉಳಿಯಲೇಬೇಕು. ಇಲ್ಲದಿದ್ದರೆ ಆ ರೋಗಿಗೆ ಆ ಔಷಧಿ ಯಾಕೆ ಕೊಟ್ಟರು ಅಂತ ನಾಳೆ ಯಾರಿಗೂ ಅರ್ಥವಾಗುವುದಿಲ್ಲ. ಸಂದರ್ಶನದಲ್ಲಿ ಹುಡುಕುವುದು ಇಂಥ ಪ್ರಶ್ನೆ ಕೇಳುವ ಜನರನ್ನೇ. ಪೊಟ್ಯಾಸಿಯಂ ಬಗ್ಗೆ ಪಾಠ ಹೇಳುವವರನ್ನಲ್ಲ.

ಒಬ್ಬನೇ ರೋಗಿ ಎರಡು ಸಲ ನೋಂದಣಿಯಾಗಿ ಎರಡು ನಂಬರ್ ಆಗಿಬಿಡುವುದು ಇನ್ನೊಂದು ದಿನನಿತ್ಯದ ತಲೆನೋವು. ಎರಡನ್ನೂ ಒಂದು ಮಾಡುವ ಮೆಸೇಜಿಗೆ ಎ40 ಅಂತಾರೆ. ಒಂದು ಕೇಸ್ ಶೀಟಿನಲ್ಲಿ ಪೆನಿಸಿಲಿನ್ ಅಲರ್ಜಿ ಅಂತಿದೆ, ಇನ್ನೊಂದರಲ್ಲಿ ಇಲ್ಲ. ಒಂದು ಮಾಡುವಾಗ ಏನು ಉಳಿಯಬೇಕು? ಯೋಚಿಸಿ ನೋಡಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ‘ಹೆಲ್ತ್‌ಕೇರ್’ ಅಂತ ಒಂದೇ ಮಾತಿನಲ್ಲಿ ಹೇಳಿದರೂ ಒಳಗೆ ಬೇರೆ ಬೇರೆ ಲೋಕಗಳಿವೆ. ಆಸ್ಪತ್ರೆ, ಕ್ಲಿನಿಕ್, ಲ್ಯಾಬ್‌ಗಳ ಕಡೆಯದನ್ನು ಪ್ರೊವೈಡರ್ ಅಂತಾರೆ. ವಿಮೆ ಕಂಪನಿಗಳ ಕಡೆಯದು ಪೇಯರ್. ಪೇಯರ್ ಕಡೆ ಮೇಲೆ ಹೇಳಿದ ಒಬಿಎಕ್ಸ್ ಸಾಲಿನ ಮಾತೇ ಹೆಚ್ಚಾಗಿ ಬರುವುದಿಲ್ಲ. ಅಮೆರಿಕದ ವಿಮೆ ವ್ಯವಸ್ಥೆಗೆ ಕೆಲಸ ಮಾಡುವವರ ಬಾಯಲ್ಲಿ ಎಕ್ಸ್12 ಎಂಬ ಮೆಸೇಜ್ ಮಾದರಿಯ ನಂಬರುಗಳೇ ಓಡಾಡುತ್ತವೆ. 837 ಅಂದರೆ ಆಸ್ಪತ್ರೆ ಕಳಿಸುವ ಕ್ಲೇಮ್, ಅಂದರೆ ಚಿಕಿತ್ಸೆಯ ಹಣ ಕೊಡಿ ಎಂಬ ಕೋರಿಕೆ. 835 ಅಂದರೆ ಎಷ್ಟು ಕೊಟ್ಟೆವು, ಎಷ್ಟು ಕಡಿದೆವು, ಯಾಕೆ ಎಂಬ ಉತ್ತರ. 270 ಕಳಿಸಿ ಈ ರೋಗಿಗೆ ವಿಮೆ ಇದೆಯಾ ಅಂತ ಕೇಳಿದರೆ 271ರಲ್ಲಿ ಉತ್ತರ ಬರುತ್ತದೆ. ಈ ವ್ಯವಹಾರಗಳಿಗೆಲ್ಲ ಒಂದೇ ಮಾದರಿ ಇರಬೇಕು ಅಂತ ಮಾಡಿದ್ದು ಅಲ್ಲಿನ 1996ರ ಹಿಪಾ ಕಾನೂನು. ಹಿಪಾ ಅಂದರೆ ಬರೀ ಗೌಪ್ಯತೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ, ಅದು ಅರ್ಧ ಮಾತ್ರ. ಇನ್ನು ಔಷಧ ಸಂಶೋಧನೆ, ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್, ಇವಕ್ಕೆ ಬೇರೆಯದೇ ನಿಯಮಗಳಿವೆ.

ಹಾಗಾಗಿ ಕ್ಲೇಮ್ಸ್‌ನಲ್ಲಿ ವರ್ಷಗಟ್ಟಲೆ ಪಳಗಿದವರು ಲ್ಯಾಬ್ ಇಂಟರ್‌ಫೇಸ್ (ಲ್ಯಾಬ್ ಮತ್ತು ಇಎಂಆರ್ ಸಾಫ್ಟ್‌ವೇರ್‌ಗಳನ್ನು ಜೋಡಿಸುವ) ಕೆಲಸದ ಸಂದರ್ಶನದಲ್ಲಿ ತಡವರಿಸಬಹುದು. ಇದು ಅವರ ದಡ್ಡತನವಲ್ಲ. ಜಾಹೀರಾತು ಬರೆದವರು ಯಾವ ಕಡೆಯ ಡೊಮೈನ್ ಅಂತ ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ. ನೇಮಕಾತಿ ಮಾಡುವವರು ಇದನ್ನು ಸರಿ ಮಾಡಿಕೊಂಡರೆ ಎರಡೂ ಕಡೆಯವರ ಸಮಯ ಉಳಿಯುತ್ತದೆ.

ಈ ತಿಳಿವಳಿಕೆ ಆಗಲೇ ಇರುವ ಜನ ಒಂದಷ್ಟಿದ್ದಾರೆ. ನರ್ಸ್‌ಗಳು, ಲ್ಯಾಬ್ ಟೆಕ್ನಿಶಿಯನ್‌ಗಳು, ಫಾರ್ಮಾಸಿಸ್ಟ್‌ಗಳು, ಕಾಯಿಲೆ, ಚಿಕಿತ್ಸೆಗಳಿಗೆ ಕೋಡ್ ಹಾಕುವ ಮೆಡಿಕಲ್ ಕೋಡರ್‌ಗಳು, ಆಸ್ಪತ್ರೆಯ ರೆಕಾರ್ಡ್ ವಿಭಾಗದವರು. ರಾತ್ರಿ ಪಾಳಿಯಲ್ಲಿ ಸಿಸ್ಟಮ್ ಡೌನ್ ಆದಾಗ ಕಾಗದದಲ್ಲಿ ಬರೆದು, ಬೆಳಿಗ್ಗೆ ಅದನ್ನೆಲ್ಲ ಮತ್ತೆ ಕಂಪ್ಯೂಟರಿಗೆ ಹಾಕಿದ ನರ್ಸ್‌ಗೆ ಗೊತ್ತಿರುವುದು ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ಇವರಿಗೆ ಕ್ಲಿನಿಕಲ್ ಅನಾಲಿಸ್ಟ್, ಇಂಪ್ಲಿಮೆಂಟೇಶನ್, ಟ್ರೇನಿಂಗ್, ಗೋ-ಲೈವ್ ಸಪೋರ್ಟ್ (ಹೊಸ ಸಾಫ್ಟ್‌ವೇರ್ ಶುರುವಾದಾಗ ಬಳಸುವವರಿಗೆ ನೆರವು) ಎಂಬ ಹೆಸರಿನ ಕೆಲಸಗಳಿವೆ. ಇವುಗಳಲ್ಲಿ ಕೋಡಿಂಗ್ ಕಮ್ಮಿ, ಕೆಲವದರಲ್ಲಿ ಇರುವುದೇ ಇಲ್ಲ. ಡಾಕ್ಟರುಗಳಿಗೂ ಈ ದಾರಿ ತೆರೆದಿದೆ. ಅಮೆರಿಕದಲ್ಲಿ ಕ್ಲಿನಿಕಲ್ ಇನ್‌ಫರ್ಮ್ಯಾಟಿಕ್ಸ್ (ಚಿಕಿತ್ಸೆಯಲ್ಲಿ ಮಾಹಿತಿ ತಂತ್ರಜ್ಞಾನದ ಬಳಕೆ) ಅನ್ನು ವೈದ್ಯರ ಒಂದು ಉಪವಿಶೇಷತೆ ಅಂತ 2011ರಲ್ಲೇ ಮಾನ್ಯ ಮಾಡಿದರು.

ಆಸ್ಪತ್ರೆಯ ಒಳಗೆ ಕಾಲಿಡದ ಪ್ರೋಗ್ರಾಮರ್ ಏನು ಮಾಡಬೇಕು? ಮೊದಲು ಎಫ್‌ಎಚ್‌ಐಆರ್ ಓದಬೇಕು. ಬಾಯಲ್ಲಿ ‘ಫೈರ್’ ಅಂತಾರೆ. ಇದು ಎಚ್‌ಎಲ್7 ಸಂಸ್ಥೆಯದೇ ಹೊಸ ಮಾದರಿ, ವೆಬ್ ಎಪಿಐ ಗೊತ್ತಿದ್ದವರಿಗೆ ಬೇಗ ಒಗ್ಗುತ್ತದೆ. ಅದರ ಪೂರ್ತಿ ವಿವರಣೆ ಅಂತರ್ಜಾಲದಲ್ಲಿ ಉಚಿತ. ಸಿಂಥಿಯಾ ಎಂಬ ಉಚಿತ ತಂತ್ರಾಂಶ ಇಲ್ಲದ ರೋಗಿಗಳನ್ನು ಸೃಷ್ಟಿಸಿ, ಅವರ ಕಾಯಿಲೆ, ಭೇಟಿ, ರಿಸಲ್ಟ್ ಎಲ್ಲವನ್ನೂ ಕೊಡುತ್ತದೆ. ಅದನ್ನು ಹಾಪಿ ಎಂಬ ಓಪನ್ ಸೋರ್ಸ್ ಫೈರ್ ಸರ್ವರ್‌ಗೆ ತುಂಬಿ, ಮೇಲೆ ಹೇಳಿದ ತಿದ್ದಿದ ರಿಸಲ್ಟಿನ ಕಥೆಯನ್ನೇ ಒಂದು ಚಿಕ್ಕ ಆ್ಯಪ್ ಮಾಡಿ ತೋರಿಸಿ. ಓಪನ್‌ಎಂಆರ್‌ಎಸ್ ಎಂಬ ಓಪನ್ ಸೋರ್ಸ್ ಇಎಂಆರ್ ಇದೆ. ಅಲ್ಲಿ ನೀವು ಮಾಡಿದ ಕೆಲಸ ಯಾರು ಬೇಕಾದರೂ ನೋಡಬಹುದು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ನಿಜವಾದ ರೋಗಿಯ ಮಾಹಿತಿಯನ್ನು, ಹೆಸರು ತೆಗೆದರೂ ಸರಿ, ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ಇಡಲೇಬೇಡಿ.

ಕಾಯಿಲೆ, ಟೆಸ್ಟುಗಳನ್ನು ಗುರುತಿಸುವ ಕೋಡ್‌ಗಳ ಪೈಕಿ ಮೂರರ ವ್ಯತ್ಯಾಸ ತಿಳಿದರೆ ಶುರುವಿಗೆ ಸಾಕು. ಕಾಯಿಲೆಗೆ ಐಸಿಡಿ, ಲ್ಯಾಬ್ ಟೆಸ್ಟಿಗೆ ಲೋಯಿಂಕ್, ಡಾಕ್ಟರು ಬರೆಯುವ ವಿವರಗಳಿಗೆ ಸ್ನೋಮೆಡ್. ಐಸಿಡಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೂ ಎಷ್ಟೋ ಕಡೆ ಇನ್ನೂ 10ನೆಯದೇ ನಡೆಯುತ್ತಿದೆ. ಇದೂ ಡೊಮೈನಿನ ಭಾಗವೇ.

ಸರ್ಟಿಫಿಕೇಟ್ ವಿಷಯದಲ್ಲಿ ಎಚ್ಚರ ಬೇಕು. ಎಪಿಕ್‌ನಂಥ ದೊಡ್ಡ ಇಎಂಆರ್ ಕಂಪನಿಯ ಸರ್ಟಿಫಿಕೇಶನ್ ಹೊರಗಿನವರು ದುಡ್ಡು ಕೊಟ್ಟು ತೆಗೆದುಕೊಳ್ಳುವಂಥದ್ದಲ್ಲ. ಆ ಸಾಫ್ಟ್‌ವೇರ್ ಬಳಸುವ ಆಸ್ಪತ್ರೆಯೋ ಅದರ ಪಾಲುದಾರ ಸಂಸ್ಥೆಯೋ ನಿಮ್ಮನ್ನು ತರಬೇತಿಗೆ ಕಳಿಸಬೇಕು. ‘ನಾವು ಕೊಡಿಸುತ್ತೇವೆ, ಇಷ್ಟು ಕಟ್ಟಿ’ ಅಂತ ಯಾರಾದರೂ ಅಂದರೆ ಕಟ್ಟಬೇಡಿ.

ಇನ್ನು ರೆಸ್ಯೂಮೆ. ‘ಹೆಲ್ತ್‌ಕೇರ್ ಡೊಮೈನಿನಲ್ಲಿ 3 ವರ್ಷ’ ಅಂತ ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ‘ಲ್ಯಾಬ್ ರಿಸಲ್ಟ್ ಇಂಟರ್‌ಫೇಸ್, ಎಚ್‌ಎಲ್7 ವರ್ಶನ್ 2 ಒಆರ್‌ಯು ಮೆಸೇಜ್, ತಿದ್ದಿದ ರಿಸಲ್ಟ್‌ಗಳ ಟೆಸ್ಟಿಂಗ್’ ಅಂತ ಬರೆದರೆ ಹುಡುಕುವ ಸಾಫ್ಟ್‌ವೇರ್‌ಗೂ ಸಿಗುತ್ತದೆ, ಮ್ಯಾನೇಜರಿಗೂ ತಲುಪುತ್ತದೆ. ನೇಮಕಾತಿಯವರು ಮೊದಲ ಸಲ ಫೋನ್ ಮಾಡಿದಾಗ ನೀವೂ ಕೇಳಿ: ಇದು ಪ್ರೊವೈಡರ್ ಕಡೆಯದಾ, ಪೇಯರ್ ಕಡೆಯದಾ? ಯಾವ ಇಎಂಆರ್? ವರ್ಶನ್ 2 ಮೆಸೇಜಾ, ಫೈರಾ? ಅವರಿಗೆ ಗೊತ್ತಿಲ್ಲದಿದ್ದರೆ ಟೀಮಿನವರನ್ನು ಕೇಳಿ ಹೇಳಿ ಅನ್ನಿ. ಸಂದರ್ಶನದ ಮೊದಲೇ ಉತ್ತರ ಸಿಕ್ಕರೆ ಏನು ಓದಿಕೊಂಡು ಹೋಗಬೇಕು ಅಂತ ನಿಮಗೇ ತಿಳಿಯುತ್ತದೆ.