ಕವರ್ ಬಿಡಿಸುವ ಕೆಲಸ ಮೀನಂಗಡಿಯಿಂದ ಆರಂಭವಾಗಲಿ

ಕೊಡಗಿನ ಪೇಟೆಗಳಲ್ಲಿ ಪ್ಲಾಸ್ಟಿಕ್ ಕವರ್ ಬಳಕೆ ತಗ್ಗಿಸಲು ಮುಂದಾಗುವ ವರ್ತಕರೂ ಮಹಿಳಾ ಸಂಘಗಳೂ ಸಾಮಾನ್ಯವಾಗಿ ಮೊದಲು ಹೋಗುವುದು ದಿನಸಿ ಮತ್ತು ಬಟ್ಟೆ ಅಂಗಡಿಗಳಿಗೆ. ಘನತ್ಯಾಜ್ಯ ನಿರ್ವಹಣೆಯ ಇಂಜಿನಿಯರಾಗಿ ಇಂತಹ ಪ್ರಯತ್ನಗಳಿಗೆ ಸಲಹೆ ನೀಡುವ ನನಗೆ ಈ ಕ್ರಮ ಸರಿಯೆನಿಸುವುದಿಲ್ಲ. ಅಕ್ಕಿ, ಬೇಳೆ, ಸೋಪು ಒಯ್ಯಲು ಗ್ರಾಹಕರು ನಾಲ್ಕು ಸಲ ಹೇಳಿಸಿಕೊಂಡರೆ ಚೀಲ ತರುತ್ತಾರೆ. ತೊಡಕಿರುವುದು ಹಸಿ ಸರಕಿನಲ್ಲಿ ಮತ್ತು ಮಳೆಯಲ್ಲಿ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಬೇಸಿಗೆಯಲ್ಲಿ ಉತ್ಸಾಹದಿಂದ ಹಂಚಿದ ಬಟ್ಟೆ ಚೀಲ ಆಗ ನೆನೆದು, ಒಣಗದೆ ಮುಗ್ಗಲು ಹಿಡಿಯುತ್ತದೆ, ಮತ್ತು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಕವರಿನ ಕಟ್ಟು ಹೊರಗೆ ಬರುತ್ತದೆ.

ಕಾನೂನಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಆದರೆ ಒಂದು ಗೊಂದಲವಂತೂ ಎಲ್ಲ ಕಡೆ ಎದುರಾಗುತ್ತದೆ. ಕೇಂದ್ರದ ನಿಯಮವು 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ತೆಳುವಾದ ಕೈಚೀಲಗಳನ್ನು ನಿಷೇಧಿಸಿದ ಕಾರಣ, ಅದಕ್ಕಿಂತ ದಪ್ಪನೆಯದು ನಡೆಯುತ್ತದೆ ಎಂದು ಅಂಗಡಿಯವರು ತಿಳಿದಿದ್ದಾರೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ಎಷ್ಟೇ ದಪ್ಪವಿದ್ದರೂ ನಿಷಿದ್ಧವೇ.

ಇಷ್ಟಾಗಿಯೂ ತೆಳು ಕವರ್ ಏಕೆ ಉಳಿದಿದೆ ಎಂಬುದನ್ನು ತೂಕದ ಲೆಕ್ಕ ತಿಳಿಸುತ್ತದೆ. ಅಂಗಡಿಯವರು ಕವರ್ ಕೊಳ್ಳುವುದು ಕಿಲೋ ಲೆಕ್ಕದಲ್ಲಿ. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಕವರ್ 20 ಮೈಕ್ರಾನ್ ದಪ್ಪವಿದ್ದರೆ ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತದೆ, 120 ಮೈಕ್ರಾನ್ ಇದ್ದರೆ ಸುಮಾರು 27 ಗ್ರಾಂ. ಅಂದರೆ ಒಂದು ಕಿಲೋಗೆ ತೆಳುವಾದದ್ದು ಇನ್ನೂರಕ್ಕೂ ಹೆಚ್ಚು ಸಿಗುವಲ್ಲಿ ದಪ್ಪನೆಯದು ನಲವತ್ತೂ ಸಿಗುವುದಿಲ್ಲ. ಗುಜರಿಯವರು ತೆಳು ಕವರನ್ನು ಮುಟ್ಟದಿರುವುದಕ್ಕೂ ಇದೇ ಲೆಕ್ಕ ಕಾರಣ: ಮೀನಿನ ನೀರು ಮೆತ್ತಿದ ಇನ್ನೂರು ಕವರ್ ಆರಿಸಿ, ತೊಳೆದು, ಒಣಗಿಸಿ ಒಂದು ಕಿಲೋ ಮಾಡಿದರೂ ಅವರಿಗೆ ಗಿಟ್ಟುವುದಿಲ್ಲ. ಹೀಗೆ ಉಳಿದದ್ದು ಇಳಿಜಾರಿನ ಚರಂಡಿ ಸೇರಿ, ಅಲ್ಲಿಂದ ತೋಡಿಗೆ, ತೋಡಿನಿಂದ ಕಾವೇರಿಗೆ ಹೋಗುತ್ತದೆ.

ಮೀನು, ಕೋಳಿ, ಹಂದಿ ಮಾಂಸದ ಅಂಗಡಿಗಳಲ್ಲಿ ಬಳಕೆಯಾಗುವುದು ಬಹುತೇಕ ಕಪ್ಪು ಕವರ್. ಒಳಗೇನಿದೆ ಎಂದು ದಾರಿಹೋಕರಿಗೆ ಕಾಣದಿರಲಿ ಎಂಬ ಸಂಕೋಚಕ್ಕೂ ಅದು ಒದಗುತ್ತದೆ, ಇದನ್ನು ಹಗುರವಾಗಿ ಕಾಣಬಾರದು. ಪರ್ಯಾಯವೆಂದರೆ ಮನೆಯಿಂದ ತರುವ ಮುಚ್ಚಳದ ಸ್ಟೀಲ್ ಡಬ್ಬಿ, ಅದನ್ನು ಇಡಲು ಒಂದು ಚೀಲ. ಡಬ್ಬಿ ತರಲು ಗ್ರಾಹಕರು ಹಿಂಜರಿಯುವುದು ಭಾರಕ್ಕಲ್ಲ, ಡಬ್ಬಿಯ ತೂಕಕ್ಕೂ ಮತ್ತಿ ಮೀನಿನ ದರ ಕೊಡಬೇಕಾದೀತೆಂಬ ಅನುಮಾನಕ್ಕೆ ಎಂಬುದು ಮೀನಂಗಡಿಯ ಮುಂದೆ ನಿಂತು ನೋಡಿದಾಗ ತಿಳಿಯುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇದಕ್ಕೆಂದೇ ‘ಟೇರ್’ ಗುಂಡಿ ಇರುತ್ತದೆ. ಖಾಲಿ ಡಬ್ಬಿ ಇಟ್ಟು ಅದನ್ನು ಒತ್ತಿದರೆ ಅಂಕಿ ಸೊನ್ನೆಗೆ ಇಳಿಯುತ್ತದೆ. ತಕ್ಕಡಿಯ ಅಂಕಿ ಗ್ರಾಹಕರ ಕಡೆಗೂ ಕಾಣುವಂತಿದ್ದು, ಮಾರುವವರು ಪ್ರತಿ ಬಾರಿಯೂ ಅದನ್ನು ಸೊನ್ನೆಗೆ ತಂದು ತೋರಿಸಿದ ಅಂಗಡಿಗಳಲ್ಲಿ ಡಬ್ಬಿ ತರುವವರು ಹೆಚ್ಚಾದುದನ್ನು ಕಂಡಿದ್ದೇನೆ. ಯಾವ ಭಿತ್ತಿಪತ್ರವೂ ಇಷ್ಟು ಕೆಲಸ ಮಾಡಿಲ್ಲ.

ಬಟ್ಟೆಯಂತೆ ಕಾಣುವ, ಚುಕ್ಕಿ ಚುಕ್ಕಿಯಾಗಿ ಒತ್ತಿದ ಬಣ್ಣದ ಚೀಲಗಳನ್ನು ಪರ್ಯಾಯವೆಂದು ಸಂಘಗಳೇ ಸಗಟಾಗಿ ತರಿಸುವುದುಂಟು. ನಾನ್-ವೋವನ್ ಎನ್ನುವ ಅವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಅಂಚಿನ ಸಣ್ಣ ಚೂರನ್ನು ಇಕ್ಕಳದಲ್ಲಿ ಹಿಡಿದು ಗಾಳಿಯಾಡುವ ಕಡೆ ಬೆಂಕಿಗೆ ಒಡ್ಡಿದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ. ಹತ್ತಿ ಬಟ್ಟೆಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಅಕ್ಕಿ ಮೂಟೆಯ ಚೀಲದಿಂದ ಹೊಲಿದ ಕೈಚೀಲವೂ ಪ್ಲಾಸ್ಟಿಕ್ಕೇ, ಆದರೆ ಅದು ಹೇಗೂ ಮನೆಗೆ ಬಂದಿರುವ ವಸ್ತು, ಮಳೆಗೆ ಅಂಜುವುದಿಲ್ಲ, ಕೊಡವಿ ನೇತುಹಾಕಿದರೆ ಬೇಗ ಒಣಗುತ್ತದೆ. ಪರಿಶುದ್ಧಿವಾದಿಗಳು ಒಪ್ಪದಿರಬಹುದು, ಮಳೆಗಾಲಕ್ಕೆ ನಾನು ಅದನ್ನೇ ಸೂಚಿಸುತ್ತೇನೆ. ಹೊಸ ಹತ್ತಿ ಚೀಲ ತಯಾರಿಸಲು ನೀರು, ಗೊಬ್ಬರ, ವಿದ್ಯುತ್ ಸಾಕಷ್ಟು ವ್ಯಯವಾಗಿರುತ್ತದೆ, ಆದ್ದರಿಂದ ಪ್ರತಿ ಸಮಾರಂಭದಲ್ಲೂ ಒಂದೊಂದು ಹಂಚಿ ಮನೆಯಲ್ಲಿ ರಾಶಿ ಹಾಕಿಸುವುದು ಇನ್ನೊಂದು ಬಗೆಯ ದುಂದು.

ಇನ್ನು ಸಂತೆಯ ದಿನ ತೋಟದ ಲೈನ್ ಮನೆಗಳಿಂದ (ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಮನೆಗಳು) ಜೀಪಿನಲ್ಲಿ ಪೇಟೆಗೆ ಬರುವ ಕಾರ್ಮಿಕರ ಮಾತು. ಕೆಲಸಕ್ಕೆಂದು ಹೊರ ರಾಜ್ಯದಿಂದ ಬಂದು ಕೆಲವೇ ತಿಂಗಳು ಇರುವವರ ಬಳಿ ಹೆಚ್ಚುವರಿ ಚೀಲವಾಗಲಿ ಡಬ್ಬಿಯಾಗಲಿ ಇರುವುದಿಲ್ಲ, ಅವರನ್ನು ದೂರುವುದರಲ್ಲಿ ಅರ್ಥವೂ ಇಲ್ಲ. ಇವರಿಗೆ ಹೊಂದುವುದು ಠೇವಣಿ ಚೀಲದ ಪದ್ಧತಿ. ಚೀಲ ಪಡೆಯುವಾಗ ಹಣ ಕಟ್ಟಿ, ಮರಳಿಸಿದಾಗ ಹಿಂಪಡೆಯಬೇಕು. ಆದರೆ ಕೊಟ್ಟ ಅಂಗಡಿಗೇ ಮರಳಿಸಬೇಕೆಂಬ ಷರತ್ತು ಇರಕೂಡದು. ಮೀನಂಗಡಿಯಲ್ಲಿ ಪಡೆದ ಚೀಲವನ್ನು ತೊಳೆದು ಮುಂದಿನ ಸಂತೆಯಂದು ದಿನಸಿ ಅಂಗಡಿಗೆ ಕೊಟ್ಟರೂ ಹಣ ಸಿಗುವಂತಿರಬೇಕು, ಅಂಗಡಿಗಳ ನಡುವಿನ ಹೆಚ್ಚುಕಡಿಮೆಯನ್ನು ಚೀಲ ಹೊಲಿದುಕೊಡುವ ಮಹಿಳಾ ಸಂಘವೇ ತಿಂಗಳಿಗೊಮ್ಮೆ ಸರಿದೂಗಿಸಬೇಕು. ಈ ಲೆಕ್ಕ ಬರೆಯುವ ಶ್ರಮಕ್ಕೆ ಸಂಘಕ್ಕೆ ಸಲ್ಲಬೇಕಾದ ಹಣವನ್ನು ಚೀಲದ ಬೆಲೆಯಲ್ಲಿಯೇ ಸೇರಿಸಿ ಮೊದಲೇ ನಿಗದಿ ಮಾಡಿಕೊಳ್ಳುವುದು ಒಳ್ಳೆಯದು.