ತಪ್ಪಿದರೆ ಸಿಸ್ಟರ್‌ಗೆ ಐದು ವರ್ಷ

ನಮ್ಮ ಕರಾವಳಿಯ ವಾರ್ಡುಗಳಲ್ಲಿ ಅಕ್ಕಪಕ್ಕದ ಹಾಸಿಗೆಗಳಲ್ಲಿ ಇಬ್ಬರು ಗಣಪತಿ ನಾಯ್ಕರೋ ಇಬ್ಬರು ಮಾದೇವಿ ಗೌಡರೋ ಇರುವುದು ಅಪರೂಪವಲ್ಲ. ಇಂಜೆಕ್ಷನ್ ಟ್ರೇ ಹಿಡಿದು ಬಂದ ಸಿಸ್ಟರ್ ‘ಗಣಪತಿ ಅಲ್ಲವೇ?’ ಎಂದರೆ ಕಿವಿ ಮಂದವಾದ ಅಜ್ಜ ‘ಹೂಂ’ ಎಂದುಬಿಡುತ್ತಾರೆ. ‘ನಿಮ್ಮ ಹೆಸರೇನು, ಯಾವ ಊರು?’ ಎಂದು ಕೇಳಿ ಕೇಸ್ ಶೀಟಿನೊಡನೆ ತಾಳೆ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ರೋಗಿ, ಔಷಧ, ಪ್ರಮಾಣ, ಕೊಡುವ ಮಾರ್ಗ, ಹೊತ್ತು ಈ ಐದೂ ಸರಿಯಿರಬೇಕೆಂಬುದು ನರ್ಸಿಂಗ್ ಓದಿದ ಎಲ್ಲರಿಗೂ ಬಾಯಿಪಾಠ. ಇವುಗಳಲ್ಲೊಂದು ತಪ್ಪಿದಾಗ ಹೊಣೆ ಯಾರದು ಎಂಬ ಪ್ರಶ್ನೆಗೆ ಮಾತ್ರ ಕಾನೂನು ಕಾಲಕ್ಕೊಂದು ಉತ್ತರ ಕೊಟ್ಟಿದೆ.

ಮೊದಮೊದಲು ಕಾನೂನು ವಿಚಾರಿಸುತ್ತಿದ್ದದ್ದು ಸೂಜಿ ಹಿಡಿದವರ ಅರ್ಹತೆಯನ್ನಷ್ಟೇ. 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ 1935ರಲ್ಲೇ ನರ್ಸ್‌ಗಳ ನೋಂದಣಿಗೆ ಕಾಯ್ದೆ ಬಂದಿತ್ತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ತರಬೇತಿ, ಪರೀಕ್ಷೆ, ಹೆಸರು ದಾಖಲಾತಿ ಇವಿಷ್ಟೇ ಅವುಗಳ ಕಾಳಜಿ.

1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದಿತು. ಮೂರು ವರ್ಷಗಳ ನಂತರ ಬಂದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದ ತೀರ್ಪನ್ನು ಓದಿದರೆ ಈಗಲೂ ಕರುಳು ಹಿಂಡುತ್ತದೆ. ಟೈಫಾಯ್ಡ್ ಆಗಿದ್ದ ಮಗುವಿಗೆ ಕ್ಲೋರಾಂಫೆನಿಕಾಲ್ ಬರೆಯಲಾಗಿತ್ತು. ಅದನ್ನು ಮಲೇರಿಯಾದ ಔಷಧವಾದ ಕ್ಲೋರೋಕ್ವಿನ್ ಎಂದು ಓದಿಕೊಂಡ ನರ್ಸ್ ಆ ಇಂಜೆಕ್ಷನ್ ತರಲು ಹೇಳಿದರು. ತಂದೆ ತಾವೇ ಅಂಗಡಿಯಿಂದ ತಂದುಕೊಟ್ಟರು. ರಕ್ತನಾಳದ ಮೂಲಕ ಕೊಟ್ಟ ಕೂಡಲೇ ಮಗುವಿನ ಹೃದಯ ನಿಂತಿತು. ಜೀವ ಉಳಿದರೂ ಮಿದುಳು ಉಳಿಯಲಿಲ್ಲ. ನರ್ಸ್ ನೋಂದಾಯಿತರೇ ಆಗಿರಲಿಲ್ಲ. ನ್ಯಾಯಾಲಯ ಆಸ್ಪತ್ರೆಯನ್ನೇ ಹೊಣೆಯಾಗಿಸಿ, ಮಗುವಿಗೆ 12.5 ಲಕ್ಷ, ಹೆತ್ತವರಿಗೆ 5 ಲಕ್ಷ ರೂಪಾಯಿ ಕೊಡಿಸಿತು. ಅರ್ಹತೆಯಿಲ್ಲದವರ ಕೈಗೆ ಸೂಜಿ ಕೊಟ್ಟವರನ್ನು, ಮೇಲ್ವಿಚಾರಣೆ ಮಾಡದವರನ್ನು ಅಂದು ನ್ಯಾಯಾಲಯ ಬಿಡಲಿಲ್ಲ. ಔಷಧಗಳ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು ವೈದ್ಯರಿಗೆ ನಿಯಮ ಮಾಡಿದ್ದು 2016ರಲ್ಲಿ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಯಾರಿಗೇ ಆದರೂ ಗರಿಷ್ಠ ಎರಡು ವರ್ಷ ಸೆರೆವಾಸವಿತ್ತು. ಹೊಸ 106ನೇ ಕಲಮು ಅದನ್ನು ಐದಕ್ಕೆ ಏರಿಸಿ, ಚಿಕಿತ್ಸೆ ನೀಡುವಾಗ ತಪ್ಪಿದ ನೋಂದಾಯಿತ ವೈದ್ಯರಿಗೆ ಮಾತ್ರ ಎರಡರ ಮಿತಿ ಉಳಿಸಿತು. ನರ್ಸ್ ಆ ವಿವರಣೆಯೊಳಗೆ ಬರುವುದಿಲ್ಲ. ಔಷಧ ಬರೆದವರಿಗೆ ಎರಡು ವರ್ಷ, ಬರೆದದ್ದನ್ನು ಕೊಟ್ಟವರಿಗೆ ಐದು. ಇದು ಅನ್ಯಾಯ.

ಅನ್ಯಾಯ ಎನ್ನುವುದು ಸಿಸ್ಟರ್‌ಗಳ ಮೇಲಿನ ಮರುಕದಿಂದಲ್ಲ, ಇದರ ಪೆಟ್ಟು ಕೊನೆಗೆ ರೋಗಿಗೇ ಬೀಳುತ್ತದೆಂಬ ಭಯದಿಂದ. ಇನ್ಸುಲಿನ್ನನ್ನೇ ನೋಡಿ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲಿಗಳೂ ಇವೆ, 100ರವೂ ಇವೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಹೋಗುತ್ತದೆ. ಆ ಕ್ಷಣವೇ ‘ನನ್ನಿಂದ ತಪ್ಪಾಯಿತು’ ಎಂದು ಸಿಸ್ಟರ್ ಹೇಳಿದರೆ ಗ್ಲೂಕೋಸ್ ಕೊಟ್ಟು ಜೀವ ಉಳಿಸಬಹುದು. ಸೆರೆಮನೆಗೆ ಹೆದರಿ ಆಕೆ ಬಾಯಿ ಮುಚ್ಚಿಕೊಂಡರೆ ರೋಗಿ ನಿದ್ದೆಯಲ್ಲಿದ್ದಂತೆಯೇ ಪ್ರಜ್ಞೆ ತಪ್ಪುತ್ತಾನೆ. ತಪ್ಪನ್ನು ಕೂಡಲೇ ಒಪ್ಪಿಕೊಳ್ಳಬೇಕೆಂಬುದು ವೃತ್ತಿಧರ್ಮ. ಒಪ್ಪಿಕೊಂಡವರಿಗೇ ಹೆಚ್ಚಿನ ಶಿಕ್ಷೆ ತೋರಿಸಿದರೆ ಆ ಧರ್ಮ ಎಷ್ಟು ದಿನ ಉಳಿದೀತು?

ಘಟ್ಟದ ಮೇಲೆ, ಜೋಯಿಡಾದಂಥ ಕಡೆ ಇನ್ನೊಂದು ತೊಡಕಿದೆ. ಊರುಗಳು ದೂರ ದೂರ, ರಾತ್ರಿ ಎಲ್ಲೆಡೆ ವೈದ್ಯರಿರುವುದಿಲ್ಲ. ಔಷಧದ ಸೂಚನೆ ಫೋನಿನಲ್ಲಿ ಬರುತ್ತದೆ. ಸಿರ್ಸಿ ಸೀಮೆಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ನನ್ನ ಚಿಕ್ಕಮ್ಮನಿಗೆ ಇದಕ್ಕೊಂದು ಕ್ರಮವಿತ್ತು. ವೈದ್ಯರು ಹೇಳಿದ್ದನ್ನು ಬರೆದುಕೊಂಡು, ಅವರಿಗೇ ತಿರುಗಿ ಓದಿ ಹೇಳಿ, ಗಂಟೆ ನಿಮಿಷ ನಮೂದಿಸಿ ಆಮೇಲೆ ಔಷಧ ಕೊಡುತ್ತಿದ್ದರು. ಬೆಳಿಗ್ಗೆ ಡ್ಯೂಟಿ ಮುಗಿದರೂ ಮನೆಗೆ ಹೊರಡುತ್ತಿರಲಿಲ್ಲ. ವೈದ್ಯರು ಬಂದು ಆ ಸಾಲಿನ ಕೆಳಗೆ ಸಹಿ ಹಾಕುವವರೆಗೆ, ಪುಸ್ತಕ ಹಿಡಿದುಕೊಂಡು ಬಾಗಿಲ ಬಳಿಯೇ ನಿಂತಿರುತ್ತಿದ್ದರು.