ಕೆಲಸ ಬಿಟ್ಟು ಆರು ವರ್ಷವಾಗಿದೆ, ಈಗ ಪರಿಹಾರ ಕೇಳಬಹುದೇ?

ಪ್ರಶ್ನೆ: ನಮ್ಮ ತಂದೆ ಹೈದರಾಬಾದಿನ ಕಡೆ ಸಿಮೆಂಟ್ ಶೀಟು ತಯಾರಿಸುವ ಕಾರ್ಖಾನೆಯೊಂದರಲ್ಲಿ 17 ವರ್ಷ ಗುತ್ತಿಗೆದಾರರ ಕೈಕೆಳಗೆ ದುಡಿದರು. ದಮ್ಮು ಹತ್ತುತ್ತದೆ, ಕೈಲಾಗುವುದಿಲ್ಲವೆಂದು ಆರು ವರ್ಷಗಳ ಹಿಂದೆ ಬಿಟ್ಟು ಊರಿಗೆ ಬಂದರು. ಟಿ.ಬಿ. ಎಂದು ಎರಡು ಬಾರಿ ಮಾತ್ರೆ ನುಂಗಿದ್ದಾಯಿತು. ಕಲಬುರಗಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಇದು ಅಸ್ಬೆಸ್ಟಾಸ್ ಧೂಳಿನಿಂದ ಬಂದ ಶ್ವಾಸಕೋಶದ ಕಾಯಿಲೆ ಎಂದಿದ್ದಾರೆ. ಈಗ ಪರಿಹಾರ ಸಿಗುತ್ತದೆಯೇ? (ಚಿತ್ತಾಪುರ ತಾಲ್ಲೂಕಿನ ಓದುಗರು)

ಉತ್ತರ: ಕೇಳುವ ಹಕ್ಕು ನಿಮ್ಮ ತಂದೆಯವರಿಗೆ ಇದೆ. ಆದರೆ ಈ ಪ್ರಕರಣ ನಿಲ್ಲುವುದೂ ಬೀಳುವುದೂ ಕಾಯಿಲೆಯ ಹೆಸರಿನ ಮೇಲಲ್ಲ, ಅದು ಯಾವಾಗ ಕಾಣಿಸಿಕೊಂಡಿತು ಎಂಬ ದಿನಾಂಕದ ಮೇಲೆ. ನಿಮ್ಮ ಪತ್ರದಲ್ಲಿ ನೀವು ಸಹಜವಾಗಿ ಬರೆದಿರುವ ‘ದಮ್ಮು ಹತ್ತುತ್ತದೆ, ಕೈಲಾಗುವುದಿಲ್ಲವೆಂದು’ ಎಂಬ ಮಾತೇ ಅದರ ಜೀವಾಳ.

1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್, ಅಸ್ಬೆಸ್ಟಾಸ್ ಧೂಳಿನಿಂದ ಬರುವ ಅಸ್ಬೆಸ್ಟೋಸಿಸ್ ಎರಡೂ ಔದ್ಯೋಗಿಕ ರೋಗಗಳೆಂದು ಸೇರಿವೆ. ಅಂದರೆ, ಯಂತ್ರಕ್ಕೆ ಬೆರಳು ಸಿಕ್ಕಿ ತುಂಡಾದಂತೆಯೇ ಈ ರೋಗವನ್ನೂ ಕಾನೂನು ಒಂದು ಅಪಘಾತವೆಂದೇ ಭಾವಿಸುತ್ತದೆ. ಅಪಘಾತವೆಂದ ಮೇಲೆ ಅದಕ್ಕೊಂದು ದಿನ ಬೇಕಲ್ಲ? ಬೆರಳು ತುಂಡಾದ ದಿನ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಅಸ್ಬೆಸ್ಟಾಸಿನ ಎಳೆ ಶ್ವಾಸಕೋಶದಲ್ಲಿ ಕೂತು ಗಾಯದ ಕಲೆ ಕಟ್ಟುತ್ತಾ ಹೋಗಿ, ಉಸಿರಿಗೆ ಅಡ್ಡಿಯಾಗಿ ಗೊತ್ತಾಗುವುದಕ್ಕೆ ಹತ್ತಿಪ್ಪತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಇಂಥ ನಿಧಾನದ ಕಾಯಿಲೆಗೆ ಅಪಘಾತದ ಅಂಗಿ ತೊಡಿಸಿದ ಕಾನೂನಿದು, ಅಳತೆ ಅಲ್ಲಲ್ಲಿ ಹೊಂದುವುದಿಲ್ಲ.

ಹಾಗಾಗಿ ಕಾಯ್ದೆ ಎರಡು ದಾರಿಗಳನ್ನು ಇಟ್ಟಿದೆ. ರೋಗದ ಅಶಕ್ತತೆಯಿಂದ ಕೆಲಸಕ್ಕೆ ಹೋಗಲಾಗದೆ ನಿರಂತರವಾಗಿ ಗೈರುಹಾಜರಾದ ಮೊದಲ ದಿನವನ್ನೇ ಅಪಘಾತದ ದಿನವೆಂದು ಹಿಡಿಯುವುದು ಒಂದು. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣಗಳು ತೋರಿದರೆ, ಅವು ಮೊದಲು ಪತ್ತೆಯಾದ ದಿನವನ್ನು ಅಪಘಾತದ ದಿನವೆಂದು ಎಣಿಸುವುದು ಇನ್ನೊಂದು. ಆ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ನಿಮ್ಮದು ತಡವಾಗಿದೆ, ನಿಜ. ಆದರೆ ವಿಳಂಬಕ್ಕೆ ಸಾಕಷ್ಟು ಕಾರಣವಿದ್ದರೆ ಅರ್ಜಿಯನ್ನು ಸ್ವೀಕರಿಸುವ ಅಧಿಕಾರ ಇಂಥ ಪ್ರಕರಣಗಳನ್ನು ತೀರ್ಮಾನಿಸುವ ಆಯುಕ್ತರಿಗಿದೆ, ಮತ್ತು ರೋಗವನ್ನು ಟಿ.ಬಿ. ಎಂದು ತಿಳಿದು ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟಿದ್ದು ನನ್ನ ದೃಷ್ಟಿಯಲ್ಲಿ ಗಟ್ಟಿಯಾದ ಕಾರಣ. ಆದ್ದರಿಂದ ಹಳೆಯ ಟಿ.ಬಿ. ಚಿಕಿತ್ಸಾ ಕಾರ್ಡನ್ನು ಎಸೆಯಬೇಡಿ. ಕೆಲಸ ಬಿಟ್ಟ ಹೊಸದರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಮ್ಮಿಗೆಂದು ಬರೆಸಿದ ಒಂದು ಮಾಸಿದ ಚೀಟಿ ಸಿಕ್ಕರೂ ಅದು ಈಗಿನ ಸ್ಕ್ಯಾನ್ ವರದಿಯಷ್ಟೇ ಬೆಲೆಯುಳ್ಳದ್ದು.

ಇನ್ನು ವೈದ್ಯಕೀಯ ದಾಖಲೆ. ನಮ್ಮ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ಬೀಡಿ ಸೇದುತ್ತಾರೆಯೇ ಎಂಬುದು ತಪ್ಪದೆ ದಾಖಲಾಗಿರುತ್ತದೆ; ಉದ್ಯೋಗದ ಮುಂದೆ ಮಾತ್ರ ‘ಕೂಲಿ’ ಎಂಬ ಎರಡೇ ಅಕ್ಷರ. ಆ ಎರಡಕ್ಷರದಿಂದ ಪ್ರಕರಣ ಸೋಲಬಹುದು. ಯಾವ ಕಾರ್ಖಾನೆಯಲ್ಲಿ, ಯಾವ ವಿಭಾಗದಲ್ಲಿ, ಎಷ್ಟು ವರ್ಷ, ಚೀಲ ಹರಿದು ಎಳೆ ಸುರಿಯುತ್ತಿದ್ದರೋ ಒಣ ಶೀಟು ಕೊಯ್ಯುತ್ತಿದ್ದರೋ ಎಂಬುದನ್ನು ಬರೆಯುವಂತೆ ಎದೆರೋಗ ತಜ್ಞರನ್ನು ವಿನಂತಿಸಿ. ಸ್ಕ್ಯಾನಿನ ಜೊತೆಗೆ ಉಸಿರಾಟದ ಸಾಮರ್ಥ್ಯದ ಪರೀಕ್ಷೆಯೂ ಬೇಕು, ಏಕೆಂದರೆ ದುಡಿಯುವ ಶಕ್ತಿ ಶೇಕಡಾ ಎಷ್ಟು ಕುಂದಿದೆ ಎಂದು ವೈದ್ಯರು ಪ್ರಮಾಣೀಕರಿಸಿದ ಮೇಲೆಯೇ ಮೊತ್ತದ ಲೆಕ್ಕ.

ಲೆಕ್ಕ ಹೀಗಿದೆ: ಶಾಶ್ವತ ಪೂರ್ಣ ಅಶಕ್ತತೆಯಾದರೆ ತಿಂಗಳ ವೇತನದ ಶೇ. 60ನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸುತ್ತಾರೆ. 2020ರ ಜನವರಿಯ ಅಧಿಸೂಚನೆಯಂತೆ ವೇತನವನ್ನು ಹೆಚ್ಚೆಂದರೆ 15,000 ರೂಪಾಯಿಯೆಂದು ಪರಿಗಣಿಸಲಾಗುತ್ತದೆ. 55 ವರ್ಷದವರ ಗುಣಕ 135.56, ಹಾಗಾದರೆ 9,000 ಗುಣಿಸು 135.56, ಅಂದರೆ 12,20,040 ರೂಪಾಯಿ. ಶಕ್ತಿ ಶೇ. 40ರಷ್ಟು ಮಾತ್ರ ಕುಂದಿದೆಯೆಂದಾದರೆ 4,88,016. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಬಡ್ಡಿ ಸೇರುತ್ತದೆ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗವನ್ನು ಅದರ ಏಳನೇ ಅಧ್ಯಾಯ ತೆಗೆದುಕೊಂಡಿದೆ. ಆಯುಕ್ತರ ಬದಲು ಸಕ್ಷಮ ಪ್ರಾಧಿಕಾರ ಎಂಬ ಹೆಸರು ಬಂದಿದ್ದರೂ ಚೌಕಟ್ಟು ಬಹುಮಟ್ಟಿಗೆ ಹಳೆಯದೇ. ಯಾವುದರಡಿ ಅರ್ಜಿ ಎಂಬುದನ್ನು ನಿಮ್ಮ ದಿನಾಂಕಗಳನ್ನು ನೋಡಿ ವಕೀಲರು ಹೇಳಬೇಕು.

ಒಂದು ಮುಖ್ಯ ವಿಷಯ: ತಂದೆಯವರ ವೇತನದಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿತ್ತೇ ನೋಡಿ. ಆಗುತ್ತಿದ್ದರೆ ಮಾಲೀಕರ ಮೇಲೆ ಪರಿಹಾರದ ಅರ್ಜಿ ಹಾಕುವಂತಿಲ್ಲ, ಇಎಸ್‌ಐ ನಿಗಮವೇ ತಿಂಗಳು ತಿಂಗಳು ಅಶಕ್ತತಾ ಭತ್ಯೆ ಕೊಡಬೇಕು. ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಇಎಸ್‌ಐಸಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹಳೆಯ ವಿಮಾ ಸಂಖ್ಯೆಯೊಂದಿಗೆ ಹೋಗಿ ವಿಚಾರಿಸಿ.

ಕಡಿತವಿರಲಿಲ್ಲ ಎಂದರೆ, ಗುತ್ತಿಗೆದಾರ ಕಾಣೆಯಾಗಿದ್ದಾನೆಂದು ಕೈಚೆಲ್ಲಬೇಕಿಲ್ಲ. ಮೂಲ ಮಾಲೀಕರನ್ನೇ, ಅಂದರೆ ಕಾರ್ಖಾನೆಯವರನ್ನೇ ಹೊಣೆ ಮಾಡಬಹುದು. ಅಲ್ಲಿ ದುಡಿದಿದ್ದಕ್ಕೆ ಪಿ.ಎಫ್. ಪಾಸ್‌ಬುಕ್, ಗೇಟ್ ಪಾಸ್, ಸಂಬಳ ಜಮೆಯಾದ ಬ್ಯಾಂಕ್ ಖಾತೆ, ಜೊತೆಗಾರರ ಪ್ರಮಾಣಪತ್ರ ಇವುಗಳಲ್ಲಿ ಸಿಕ್ಕಷ್ಟನ್ನು ಕೂಡಿಸಿ. ಇನ್ನೊಂದು ಅಸ್ತ್ರವೂ ಇದೆ. 1995ರ ಜನವರಿ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಸ್ಬೆಸ್ಟಾಸ್ ಉದ್ಯಮದವರು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಸೇವೆ ಆರಂಭವಾದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿದೆ. ಆ ದಾಖಲೆಯ ಪ್ರತಿಯನ್ನು ನೋಂದಾಯಿತ ಅಂಚೆಯಲ್ಲಿ ಕೇಳಿ. ಇಲ್ಲ ಎಂಬ ಉತ್ತರ ಬಂದರೂ ಅದು ನಿಮ್ಮ ಪರವಾದ ಕಾಗದವೇ.

ಅರ್ಜಿಗಾಗಿ ಹೈದರಾಬಾದಿಗೆ ಅಲೆಯಬೇಕಾಗಿಲ್ಲ. ಕಾರ್ಮಿಕ ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೇ ಅರ್ಜಿ ಸಲ್ಲಿಸಲು ಅವಕಾಶವಿದೆ. ವಕೀಲರ ಶುಲ್ಕ ಭರಿಸಲಾಗದಿದ್ದರೆ ಕಲಬುರಗಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಅಷ್ಟರೊಳಗೆ ಕಾರ್ಖಾನೆಯ ಕಡೆಯವರು ಬಂದು ಚೂರುಪಾರು ಹಣ ಕೊಟ್ಟು ‘ಇನ್ನೇನೂ ಬಾಕಿಯಿಲ್ಲ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಕೇಳಿದರೆ ಒತ್ತಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ಅಸಿಂಧುವೇ ಆದರೂ, ಅದು ಅಸಿಂಧುವೆಂದು ಸಾಧಿಸುವುದಕ್ಕೆ ನಿಮಗೆ ಇನ್ನೊಂದಷ್ಟು ವಾಯಿದೆಗಳು ಹಿಡಿಯುತ್ತವೆ.